ಇಂಕ್ ಟ್ಯಾಂಕ್ ಪ್ರಿಂಟರ್ ತಗೊಳ್ಳುವ ಮೊದಲು ಪ್ಯಾಡ್ ವಿಚಾರ ಕೇಳಿ

ಜೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್ ಇಟ್ಟುಕೊಂಡವರು, ಮಕ್ಕಳ ಪ್ರಾಜೆಕ್ಟ್‌ಗೆ ಅಂತ ಮನೆಗೊಂದು ಇಂಕ್ ಟ್ಯಾಂಕ್ ಪ್ರಿಂಟರ್ ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಂಪನಿಯ ಸಹಾಯವಾಣಿಯವರು ಹೇಳಿದ್ದನ್ನೇ ಹೇಳಿದ ಹಾಗೆ ಮಾಡುತ್ತಾ ಹೋದದ್ದಕ್ಕೆ, ಒಳಗೆ ಬೇಡದ ಇಂಕ್ ಹೀರಿಕೊಳ್ಳುವ ಪ್ಯಾಡ್ ತುಂಬಿ ನನ್ನ ಪ್ರಿಂಟರ್ ಪೂರ್ತಿ ನಿಂತುಹೋಯಿತು. ನಿಂತ ಮೇಲೆ ಅದೇ ಕಂಪನಿಯವರು ರಿಪೇರಿಗೆ ನನ್ನಿಂದಲೇ ದುಡ್ಡು ಕೇಳಿದರು.

ನನ್ನದು ಶಿರಸಿಯಲ್ಲಿ ಚಿಕ್ಕ ಅಂಗಡಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಹಾಲ್ ಟಿಕೆಟ್, ಪಾಸ್‌ಪೋರ್ಟ್ ಸೈಜ್ ಫೋಟೋ, ಇಂಥವೇ ಕೆಲಸ. ಮಳೆಗಾಲ ಶುರುವಾಗುವ ಹೊತ್ತಿಗೆ ಬೆಳೆಸಾಲ, ಬೆಳೆವಿಮೆ ಅಂತ ಅಡಿಕೆ ತೋಟದವರು ಬರುತ್ತಾರೆ, ಆಗ ಕೈಬಿಡುವಿರುವುದಿಲ್ಲ. ಇಂಕ್ ಟ್ಯಾಂಕ್ ತಗೊಂಡರೆ ಪುಟಕ್ಕೆ ಪೈಸೆ ಲೆಕ್ಕದ ಖರ್ಚು, ಬಾಟಲಿ ತಂದು ಸುರಿದರೆ ಆಯ್ತು ಅಂದರು ಅಂಗಡಿಯವರು. ಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ಅಕ್ಷರದ ನಡುವೆ ಬಿಳಿ ಗೆರೆ ಬೀಳಲು ಶುರುವಾಯಿತು.

ಬಿಳಿ ಗೆರೆ ಅಂದರೆ ಸಣ್ಣ ವಿಷಯ ಅನ್ನಿಸಬಹುದು. ಪಹಣಿಯಲ್ಲಿ ಸರ್ವೆ ನಂಬರಿನ ಮೇಲೆ ಆ ಗೆರೆ ಹಾದುಹೋದರೆ ಅದು 8 ಇದೆಯೋ 3 ಇದೆಯೋ ಗೊತ್ತಾಗುವುದಿಲ್ಲ. ವಯಸ್ಸಾದವರೊಬ್ಬರು ಮಳೆಯಲ್ಲಿ ನೆನೆದುಕೊಂಡು ವಾಪಸ್ ಬಂದು, "ತಂಗೀ, ಸೊಸೈಟಿಲಿ ಇದು ಓದಲಿಕ್ಕೆ ಬರೂದಿಲ್ಲ ಅಂದ್ರು" ಅಂದಾಗ ನನಗೆ ಹೊಟ್ಟೆ ಚುರುಕ್ ಅಂದಿತು. ಫೋಟೋ ಕಥೆ ಇನ್ನೂ ಕಷ್ಟ. ನೀಲಿ ಬಣ್ಣ ಸರಿಯಾಗಿ ಬೀಳದಿದ್ದರೆ ಮುಖವೆಲ್ಲ ಕೆಂಪು. ಆ ಫೋಟೋ ಅಂಟಿಸಿದ ಅರ್ಜಿ ಯಾರು ತಗೋತಾರೆ?

ಸಹಾಯವಾಣಿಗೆ ಫೋನ್ ಮಾಡಿದೆ. ಸೀರಿಯಲ್ ನಂಬರ್, ಬಿಲ್ ತಾರೀಕು, ಕಂಪ್ಯೂಟರ್ ಯಾವುದು, ಎಲ್ಲ ಕೇಳಿ ಆದಮೇಲೆ, "ಮೇಡಂ, ಒಮ್ಮೆ ಹೆಡ್ ಕ್ಲೀನಿಂಗ್ ಕೊಡಿ" ಅಂದರು. ಹೆಡ್ ಅಂದರೆ ಹಾಳೆಗೆ ಇಂಕ್ ಚಿಮ್ಮಿಸುವ ಭಾಗ. ಕೊಟ್ಟೆ. ಹೆಡ್ಡಿನ ತೂತುಗಳೆಲ್ಲ ಇಂಕ್ ಬಿಡುತ್ತಿವೆಯಾ ಅಂತ ತೋರಿಸುವ ನಾಜಲ್ ಚೆಕ್ ಹಾಳೆ ತೆಗೆದು ನೋಡಿದೆ. ಮೆಟ್ಟಿಲು ಮೆಟ್ಟಿಲಾಗಿ ಬರಬೇಕಾದ ಸಣ್ಣ ಗೆರೆಗಳಲ್ಲಿ ಕಪ್ಪು ಎರಡು ಕಡೆ ತುಂಡು, ನೀಲಿ ಅರ್ಧಕ್ಕರ್ಧ ಇಲ್ಲ. "ಇನ್ನೊಮ್ಮೆ ಕೊಡಿ ಮೇಡಂ." ಮತ್ತೆ ಕೊಟ್ಟೆ. "ಈಗ ಡೀಪ್ ಕ್ಲೀನಿಂಗ್ ಕೊಡಿ." ಅದನ್ನೂ ಕೊಟ್ಟೆ. ಟ್ಯಾಂಕಿನಲ್ಲಿ ಇಂಕ್ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಗೆರೆ ಸ್ವಲ್ಪ ಸರಿಹೋಯಿತು, ಮರುದಿನ ಮತ್ತೆ ಅದೇ.

ಮತ್ತೆ ಫೋನ್ ಮಾಡಿದರೆ ಬೇರೆಯವರು ಎತ್ತುತ್ತಾರೆ. ಹಿಂದೆ ಏನಾಗಿದೆ ಅಂತ ಅವರಿಗೆ ಗೊತ್ತಿಲ್ಲ. ಮತ್ತೆ ಸೀರಿಯಲ್ ನಂಬರ್‌ನಿಂದ ಶುರು, ಮತ್ತೆ ಕ್ಲೀನಿಂಗ್. ನಾನು ಕಂಪನಿಯದೇ ಇಂಕ್ ಹಾಕುತ್ತೇನೆ, ಬಾಟಲಿ ಬಿಲ್ ಇದೆ ಅಂದರೂ ಡೂಪ್ಲಿಕೇಟ್ ಇಂಕ್ ಹಾಕಿರಬಹುದು ಎಂಬ ಅನುಮಾನದಲ್ಲೇ ಮಾತಾಡುತ್ತಿದ್ದರು. ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಮೆಸೇಜ್: ನಿಮ್ಮ ಸಮಸ್ಯೆ ಬಗೆಹರಿದಿದೆ, ಕಂಪ್ಲೇಂಟ್ ಕ್ಲೋಸ್ ಮಾಡಲಾಗಿದೆ. ಯಾರು ಬಗೆಹರಿಸಿದ್ದು? ನನ್ನ ಮುಂದಿರುವ ಹಾಳೆಯಲ್ಲಿ ಗೆರೆ ಹಾಗೇ ಇದೆ. ಈ ಒಂದು ಮೆಸೇಜಿಗೆ ನನಗೆ ಬಂದಷ್ಟು ಸಿಟ್ಟು ಪ್ರಿಂಟರ್ ಮೇಲೂ ಬಂದಿಲ್ಲ.

ಕೊನೆಗೊಂದು ದಿನ ಅಂಗಡಿ ತುಂಬ ಜನ ಇರುವಾಗ ಪ್ರಿಂಟರಿನ ಎರಡು ಲೈಟೂ ಒಟ್ಟಿಗೇ ಮಿಣುಕಲು ಶುರುವಾಯಿತು. ಪ್ರಿಂಟ್ ಇಲ್ಲ, ಸ್ಕ್ಯಾನೂ ಇಲ್ಲ. ಕಂಪ್ಯೂಟರಿನಲ್ಲಿ ಸರ್ವಿಸ್ ಮಾಡಿಸಿ ಎಂದಷ್ಟೇ ಬಂತು. ಹುಬ್ಬಳ್ಳಿಯ ಸರ್ವಿಸ್ ಸೆಂಟರಿನಿಂದ ಒಬ್ಬರನ್ನು ಕಳಿಸಿದರು. ಅವರು ಆನ್ ಮಾಡಿ, ಆಫ್ ಮಾಡಿ, "ಮೇಡಂ, ಇದರ ಬೋರ್ಡ್ ಹೋಗೇತ್ರಿ" ಅಂದರು. ಹೊಸ ಬೋರ್ಡಿಗೆ ಹೇಳಿದ ರೇಟು ಹೊಸ ಪ್ರಿಂಟರಿನ ಅರ್ಧ ಬೆಲೆ. ವಾರಂಟಿ ಇದೆಯಲ್ಲ ಅಂದರೆ, ಅಂಗಡಿಯಲ್ಲಿ ಬಳಸಿದ್ದೀರಿ, ಕಮರ್ಷಿಯಲ್ ಬಳಕೆಗೆ ವಾರಂಟಿ ಬರುವುದಿಲ್ಲ ಅಂದರು. ಹೋಗುವಾಗ, ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿರುತ್ತದೆ, ಹೇಳಿ ಅಂದರು. ಆ ಒಟಿಪಿ ಕೊಟ್ಟರೆ ಕೆಲಸ ಮುಗಿದಿದೆ ಅಂತ ನಾವೇ ಒಪ್ಪಿಕೊಂಡ ಹಾಗೆ. ನಾನು ಕೊಡಲಿಲ್ಲ. ನೀವೂ ಕೊಡಬೇಡಿ. ಕೆಲಸ ಆಗಿ, ಪ್ರಿಂಟ್ ತೆಗೆದು ನೋಡಿ, ಆಮೇಲೆ ಕೊಡಿ.

ನಿಜ ಏನು ಅಂತ ತಿಳಿಸಿದ್ದು ನಮ್ಮೂರಲ್ಲೇ ಪ್ರಿಂಟರ್ ರಿಪೇರಿ ಮಾಡುವ ಒಬ್ಬ ಹುಡುಗ. "ವಾರಂಟಿ ಇದೆ ಅಕ್ಕಾ, ನಾನು ಸ್ಕ್ರೂ ಮುಟ್ಟೋದಿಲ್ಲ" ಅಂತ ಹೇಳಿ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಕೌಂಟರ್ ಓದಿ ತೋರಿಸಿದ. ಪ್ಯಾಡ್ ಕೌಂಟರ್ ನೂರಕ್ಕೆ ನೂರು. ಬೋರ್ಡಿಗೆ ಏನೂ ಆಗಿರಲಿಲ್ಲ. ಹುಬ್ಬಳ್ಳಿಯಿಂದ ಬಂದವರು ಆ ಕೌಂಟರ್ ನೋಡಿರಲೇ ಇಲ್ಲ.

ಪ್ಯಾಡ್ ಅಂದರೇನು ಅಂತ ಗೊತ್ತಿರಲಿ. ಹೆಡ್ ಕ್ಲೀನಿಂಗ್ ಅಂದರೆ ಹೆಡ್ಡಿನಲ್ಲಿರುವ, ಕೂದಲಿಗಿಂತ ಸಣ್ಣ ತೂತುಗಳಿಂದ ಇಂಕನ್ನು ಜೋರಾಗಿ ಎಳೆದು ಹೊರಗೆ ಹಾಕುವುದು. ಆ ಇಂಕ್ ಹಾಳೆಗೆ ಹೋಗುವುದಿಲ್ಲ. ಪ್ರಿಂಟರಿನ ಒಳಗೇ ಇರುವ ದಪ್ಪ ಪ್ಯಾಡಿಗೆ ಹೋಗಿ ಕೂರುತ್ತದೆ. ಎಷ್ಟು ಇಂಕ್ ಹೋಯಿತು ಅಂತ ಪ್ರಿಂಟರ್ ಒಳಗೊಂದು ಕೌಂಟರ್ ಲೆಕ್ಕ ಇಡುತ್ತದೆ. ಲೆಕ್ಕ ಕಂಪನಿ ಇಟ್ಟ ಮಿತಿ ಮುಟ್ಟಿದ ಕೂಡಲೇ ಪ್ರಿಂಟರ್ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಮಾಮೂಲಿ ಕ್ಲೀನಿಂಗಿಗಿಂತ ಡೀಪ್ ಕ್ಲೀನಿಂಗಿಗೆ ಎಷ್ಟೋ ಜಾಸ್ತಿ ಇಂಕ್ ಹೋಗುತ್ತದೆ. ಆ ಹುಡುಗ ಬೇರೊಂದು ಹಳೇ ಪ್ರಿಂಟರಿನಿಂದ ತೆಗೆದ ಪ್ಯಾಡ್ ತೋರಿಸಿದ. ಮೊದಲು ಬಿಳಿ ಇತ್ತಂತೆ. ಈಗ ಕಪ್ಪು-ನೇರಳೆ, ಕೈಯಲ್ಲಿ ಹಿಡಿದರೆ ಭಾರ, ಬೆರಳಲ್ಲಿ ಒತ್ತಿದರೆ ಮಸಿ ಉಕ್ಕಿ ಬರುತ್ತದೆ. ಅಷ್ಟೂ ಇಂಕ್ ದುಡ್ಡು ಕೊಟ್ಟು ತಂದದ್ದು.

ಈಗ ಯೋಚನೆ ಮಾಡಿ. ಹೆಡ್ ಸರಿ ಇಲ್ಲ ಅಂತ ದೂರು ಕೊಟ್ಟರೆ ಕ್ಲೀನಿಂಗ್ ಕೊಡಿ ಅಂದರು. ಕ್ಲೀನಿಂಗ್ ಕೊಟ್ಟು ಕೊಟ್ಟು ಪ್ಯಾಡ್ ತುಂಬಿತು. ಪ್ಯಾಡ್ ತುಂಬಿ ಪ್ರಿಂಟರ್ ನಿಂತರೆ ಬೋರ್ಡ್ ಹೋಗಿದೆ ಅಂದರು. ಪ್ಯಾಡ್ ಅಂತ ನಾನೇ ಹೇಳಿದ ಮೇಲೆ, ಅದು ಸವೆಯುವ ವಸ್ತು, ವಾರಂಟಿಗೆ ಬರುವುದಿಲ್ಲ ಅಂದರು. ಮೊದಲ ಫೋನಿನಲ್ಲೇ, ಇಷ್ಟು ಸಲ ಕ್ಲೀನಿಂಗ್ ಕೊಟ್ಟೂ ಗೆರೆ ಹೋಗಿಲ್ಲ ಅಂದರೆ ಹೆಡ್ಡನ್ನೇ ನೋಡಬೇಕು ಅಂತ ಒಬ್ಬರು ಹೇಳಿದ್ದರೆ ಇದು ಇಲ್ಲಿಗೆ ಬರುತ್ತಿರಲಿಲ್ಲ. ಫ್ರಾನ್ಸಿನಲ್ಲಿ 2017ರಲ್ಲೇ ಒಂದು ಸಂಘಟನೆ ಪ್ರಿಂಟರ್ ಕಂಪನಿಗಳ ಮೇಲೆ ದೂರು ಕೊಟ್ಟಾಗ ಈ ಪ್ಯಾಡಿನ ವಿಚಾರವನ್ನೂ ಎತ್ತಿತ್ತು. ನಮ್ಮಲ್ಲಿ ಮಾರುವವರಿಗೇ ಇದರ ಹೆಸರು ಗೊತ್ತಿರುವುದಿಲ್ಲ.

ಹಾಗಾಗಿ ತಗೊಳ್ಳುವ ಮೊದಲು ಕೇಳಿ: ಈ ಮಾಡೆಲ್‌ನಲ್ಲಿ ಮೆಂಟೆನೆನ್ಸ್ ಬಾಕ್ಸ್ (ಪ್ಯಾಡ್ ಇರುವ ಡಬ್ಬಿ) ನಾವೇ ತೆಗೆದು ಹಾಕಬಹುದಾ? ಈಗಿನ ಕೆಲವು ಮಾಡೆಲ್‌ಗಳಲ್ಲಿ ಆಗುತ್ತದೆ, ಹೊಸ ಬಾಕ್ಸ್ ತಂದು ಕೂರಿಸಿದರೆ ಮುಗಿಯಿತು. ಆಗದಿದ್ದರೆ ಆ ಮಾಡೆಲ್ ಬೇಡವೇ ಬೇಡ. ವಾರಂಟಿಯನ್ನೂ ಓದಿ. ಒಂದು ವರ್ಷ ಅಂತ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಅಥವಾ 30,000 ಪುಟ, ಯಾವುದು ಮೊದಲೋ ಅದು" ಅಂತ ಕೆಲವದರಲ್ಲಿ ಇರುತ್ತದೆ. ಹೆಡ್ ವಾರಂಟಿಯಲ್ಲಿ ಸೇರಿದೆಯಾ ಅಂತ ಬರಹದಲ್ಲೇ ನೋಡಿ. ಪೆಟ್ಟಿಗೆ ಮೇಲೆ ಇಷ್ಟು ಸಾವಿರ ಪುಟ ಬರುತ್ತದೆ ಅನ್ನುವುದು ನಿಗದಿತ ಮಾದರಿ ಪುಟಗಳ ಲೆಕ್ಕ. ಮೊದಲ ಸಲ ಸುರಿದ ಇಂಕಿನಲ್ಲಿ ಒಂದು ಪಾಲು ಪೈಪ್ ತುಂಬುವುದಕ್ಕೇ ಹೋಗುತ್ತದೆ, ಕ್ಲೀನಿಂಗಿಗೆ ಹೋಗುವುದು ಬೇರೆ. ಬರೀ ಪಹಣಿ, ಅರ್ಜಿ ತೆಗೆಯುವವರಿಗೆ ಕಪ್ಪು-ಬಿಳುಪಿನ ಲೇಸರ್ ಪ್ರಿಂಟರೇ ಒಳ್ಳೆಯದು. ಟೋನರ್ ಪುಡಿ ಒಣಗಿ ತೂತು ಕಟ್ಟುವ ಪ್ರಶ್ನೆಯೇ ಇಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಾಳೆ ತಂಡಿ ಹಿಡಿದು ಎರಡೆರಡು ಒಟ್ಟಿಗೆ ಎಳೆಯುವ ಕಾಟ ಮಾತ್ರ ಅದಕ್ಕೂ ಇದೆ. ಹಾಳೆಯ ಕಟ್ಟು ಒಡೆದ ಮೇಲೆ ಮುಚ್ಚಳದ ಡಬ್ಬಿಯಲ್ಲಿಡಿ.

ಪ್ಯಾಡ್ ತುಂಬಿದಾಗ ಇಂಟರ್‌ನೆಟ್ಟಿನಲ್ಲಿ ಸಿಗುವ ಫ್ರೀ ರಿಸೆಟ್ ಸಾಫ್ಟ್‌ವೇರ್ ಹಾಕಬೇಡಿ. ಆ್ಯಂಟಿವೈರಸ್ ಆಫ್ ಮಾಡಿ ಅಂತ ಕೇಳುವಂಥವು ಬಹಳ ಇವೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಕಂಪ್ಯೂಟರಿಗೆ ಅದು ದೊಡ್ಡ ಅಪಾಯ. ಪ್ಯಾಡ್ ಬದಲಿಸದೆ ಬರೀ ಕೌಂಟರ್ ಸೊನ್ನೆ ಮಾಡಿದರೆ ಇಂಕ್ ಕೆಳಗೆ ಸೋರಿ ಟೇಬಲ್ ಹಾಳು.

ಇನ್ನೊಂದು ಮಾತು. ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ಕಂಪನಿ ಹೆಸರಲ್ಲಿ ಮೋಸದ ನಂಬರುಗಳಿರುತ್ತವೆ. ನಮ್ಮ ಸ್ಕ್ರೀನ್ ಅವರಿಗೆ ಕಾಣುವ ಆ್ಯಪ್ ಹಾಕಿಸಿ, ನೋಂದಣಿಗೆ ಅಂತ ಹತ್ತು ರೂಪಾಯಿ ಕಳಿಸಿ ಅನ್ನುತ್ತಾರೆ. ಅಷ್ಟರಲ್ಲಿ ಖಾತೆ ಖಾಲಿ. ವಾರಂಟಿ ಕಾರ್ಡಿನಲ್ಲಿರುವ ನಂಬರನ್ನೇ ಬಳಸಿ. ದುಡ್ಡು ಹೋಗಿದೆ ಅಂತ ಗೊತ್ತಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನ್ನ ವಿಷಯಕ್ಕೆ ಬಂದರೆ, ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಕ್ಲೋಸ್ ಮಾಡಿದ ಮೆಸೇಜುಗಳು, ತಾರೀಕು ಬರೆದಿಟ್ಟ ನಾಜಲ್ ಚೆಕ್ ಹಾಳೆಗಳು, ಇಂಕ್ ಬಿಲ್‌ಗಳು ಎಲ್ಲ ಇದ್ದವು. ಕಮರ್ಷಿಯಲ್ ಬಳಕೆ ಎಂಬ ಮಾತಿಗೆ ಹೆದರಬೇಡಿ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರು ಅದಕ್ಕಾಗಿಯೇ ಕೊಂಡ ವಸ್ತುವಿದ್ದರೆ ಅವರೂ ಗ್ರಾಹಕರೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಇದನ್ನು ದೂರಿನಲ್ಲಿ ಬರೆದ ಮೇಲೆ ಕಂಪನಿಯವರು ತಾವಾಗಿಯೇ ಫೋನ್ ಮಾಡಿದರು. ಬೋರ್ಡಿನ ಮಾತು ಮತ್ತೆ ಬರಲಿಲ್ಲ. ಪ್ಯಾಡ್ ಪುಕ್ಕಟೆ ಬದಲಿಸಿಕೊಟ್ಟರು.

ಹೆಡ್ ಮಾತ್ರ ಇನ್ನೂ ಹಾಗೇ ಇದೆ. ಅಷ್ಟು ಗೆರೆ ಬೀಳುವುದು ಸಹಜ ಅನ್ನುತ್ತಾರೆ. ಅದಕ್ಕೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧ ಮಾಡುತ್ತಿದ್ದೇನೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ನಾವಿರುವ ಜಿಲ್ಲೆಯಲ್ಲೇ ಕೊಡಬಹುದು, ಆನ್‌ಲೈನಲ್ಲೂ ಆಗುತ್ತದೆ. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ನಿಮಗೂ ಹೀಗೇ ಆಗಿದ್ದರೆ ಬಿಲ್, ಮೆಸೇಜ್, ಗೆರೆ ಬಿದ್ದ ಹಾಳೆ ಯಾವುದನ್ನೂ ಬಿಸಾಡಬೇಡಿ. ದೂರು ಬರೆಯುವುದು ಹೇಗೆ ಅಂತ ಗೊತ್ತಾಗದಿದ್ದರೆ ಕೇಳಿ, ನಾನು ಬರೆದದ್ದನ್ನು ಕಳಿಸುತ್ತೇನೆ.