ಮನೆಬಾಗಿಲಿನ ನೆರವೋ, ಶಾಸನಸಭೆಯ ಹೋರಾಟವೋ?

ಅಮೆರಿಕದಲ್ಲಿ ತಮ್ಮ ಮನೆಯಲ್ಲೇ ಊರಿನ ಮಕ್ಕಳನ್ನು ನೋಡಿಕೊಳ್ಳುವವರ ಬೆನ್ನಿಗೆ ನಿಲ್ಲುವ ಉದ್ಯೋಗಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, ಮನೆಮನೆಗೆ ಹೋಗಿ ನೆರವಾಗುವುದು. ಇಂಥ ಮನೆಗಳಲ್ಲಿ ಮಕ್ಕಳಿಗೆ ಕೊಡುವ ಊಟಕ್ಕೆ ಹಣ ಕೊಡುವ ಕೇಂದ್ರ ಸರ್ಕಾರದ ಆಹಾರ ಯೋಜನೆಯಿದೆ; ಅದನ್ನು ಮನೆಗಳಿಗೆ ತಲುಪಿಸಿ ಮೇಲ್ವಿಚಾರಣೆ ಮಾಡುವ ಪ್ರಾಯೋಜಕ ಸಂಸ್ಥೆಯಲ್ಲಿದ್ದರೆ ಪ್ರತಿ ಮನೆಗೆ ಸಾಮಾನ್ಯವಾಗಿ ವರ್ಷಕ್ಕೆ 3 ಭೇಟಿ, ಅದರಲ್ಲಿ 2 ಮುನ್ಸೂಚನೆಯಿಲ್ಲದೆ. ತಟ್ಟೆಯಲ್ಲಿ ಏನಿದೆ, ಹಾಜರಿ ಪುಸ್ತಕದ ಲೆಕ್ಕಕ್ಕೂ ಎದುರಿಗಿರುವ ಮಕ್ಕಳಿಗೂ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು ಇನ್ನೊಂದರಲ್ಲಿ ಅರ್ಜಿ ತುಂಬುತ್ತಿರುವವರ ಪಕ್ಕದಲ್ಲಿ ಕುಳಿತು, ಪರವಾನಗಿಯ ನಿಯಮ ಬಿಡಿಸಿ ಹೇಳುವ ತಾಳ್ಮೆಯೂ ಬೇಕು. ತಪಾಸಣೆ ಮಾಡುವವರೂ ನೀವೇ, ಧೈರ್ಯ ತುಂಬುವವರೂ ನೀವೇ. ಈ ಇಬ್ಬಂದಿಯೇ ಇಲ್ಲಿನ ನಿಜವಾದ ಕಷ್ಟ. ಆದರೆ ನಿಮ್ಮ ಶ್ರಮದ ಫಲ ಕೆಲವೊಮ್ಮೆ ಅದೇ ವಾರ ಕಣ್ಣಿಗೆ ಕಾಣುತ್ತದೆ.

ಇನ್ನೊಂದು, ನೀತಿಯ ಕೆಲಸ. ಬಡ ಕುಟುಂಬಗಳ ಮಕ್ಕಳ ಆರೈಕೆಗೆ ಕೇಂದ್ರದ ಅನುದಾನ ಬರುವುದು ಮುಖ್ಯವಾಗಿ ಮಕ್ಕಳ ಆರೈಕೆ ಅನುದಾನದ 1990ರ ಕಾಯ್ದೆಯಿಂದ (Child Care and Development Block Grant Act). ಆರೈಕೆದಾರರಿಗೆ ಸಿಗುವ ದರವನ್ನು ನಿಗದಿಪಡಿಸುವುದು ರಾಜ್ಯಗಳು. ಆದ್ದರಿಂದ ಹೋರಾಟದ ಕಣ ಬಹುಪಾಲು ರಾಜ್ಯದ ರಾಜಧಾನಿ. ಬಜೆಟ್ ಓದಲು ಬರಬೇಕು, ಸಾಕ್ಷ್ಯ ಸಿದ್ಧಪಡಿಸಬೇಕು, ವರ್ಷಗಟ್ಟಲೆ ಕಾಯಬೇಕು. ಗೆದ್ದರೆ ಸಾವಿರಾರು ಮನೆಗಳಿಗೆ ಲಾಭ.

ನನ್ನನ್ನು ಕೇಳಿದರೆ, ಮೊದಲು ಕೆಲವು ವರ್ಷ ಮನೆಗಳಿಗೆ ಹೋಗಿ. ಹಣ ತಡವಾಗಿ ಕೈಸೇರಿದಾಗ ಅಡುಗೆಮನೆಯಲ್ಲಿ ಏನಾಗುತ್ತದೆ ಎಂದು ಕಂಡವರ ಮಾತಿಗೆ ಶಾಸನಸಭೆಯ ಸಮಿತಿಯ ಮುಂದೆ ಬೇರೆಯದೇ ತೂಕವಿರುತ್ತದೆ. ಜನರೊಂದಿಗೆ ದಿನವಿಡೀ ಇರುವುದು ನಿಮಗೆ ಆಯಾಸವೆನಿಸಿದರೆ ಮಾತ್ರ ನೇರವಾಗಿ ಎರಡನೆಯದನ್ನು ಆರಿಸಿಕೊಳ್ಳಿ; ಆಗಲೂ ಕರಡು ಬರೆಯುವ ಮೊದಲು ಆರೈಕೆದಾರರನ್ನೇ ಕೇಳಿ.