ವರ್ಡಲ್ ವಿಮರ್ಶೆ: ಮೊದಲ ಅಕ್ಷರ ಹಸಿರಾದ ಮೇಲೆ

ವರ್ಡಲ್ ಎಂಬ ಆನ್‌ಲೈನ್ ಆಟದಲ್ಲಿ ಊಹಿಸಬೇಕಾದ್ದು ದಿನಕ್ಕೊಂದೇ ಇಂಗ್ಲಿಷ್ ಪದ: ಐದು ಅಕ್ಷರ, ಆರು ಅವಕಾಶ. ಅಕ್ಷರ ತನ್ನ ಜಾಗದಲ್ಲೇ ಇದ್ದರೆ ಹಸಿರು, ಪದದಲ್ಲಿದ್ದೂ ಜಾಗ ತಪ್ಪಿದ್ದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು. ಜೋಶ್ ವಾರ್ಡಲ್ 2021ರಲ್ಲಿ ಹೊರತಂದ ಈ ಆಟವನ್ನು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ದಿನದ ಆಟ ಈಗಲೂ ಪುಕ್ಕಟೆ. ಮೊದಲ ಮನೆ ಹಸಿರಾದ ಕೂಡಲೇ ಅರ್ಧ ಗೆದ್ದೆವು ಅಂದುಕೊಳ್ಳುವವರೇ ಹೆಚ್ಚು. ಆದರೆ ಅದು ಯಾವ ಅಕ್ಷರ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆಟದ ಮೂಲ ಪಟ್ಟಿಯಲ್ಲಿದ್ದ ಉತ್ತರಗಳು 2,315. ಅದರಲ್ಲಿ ಎಸ್‌ನಿಂದ ಶುರುವಾಗುವವೇ 366. ಸಿಗೆ 198, ಬಿಗೆ 173. ಇತ್ತ ಜೆಡ್‌ಗೆ ಬರೀ ಮೂರು (ಜೀಬ್ರಾ, ಜೆಸ್ಟಿ, ಜೋನಲ್), ಎಕ್ಸ್‌ಗೆ ಒಂದೂ ಇಲ್ಲ. ಕ್ಯೂಗೆ ಇರುವ 23ರಲ್ಲೂ ಎರಡನೇ ಅಕ್ಷರ ಯು, ಅಂದರೆ ಒಂದು ಹಸಿರಿಗೆ ಇನ್ನೊಂದು ಉಚಿತ. ಎಸ್ ಹಸಿರಾದರೆ ಮಾತ್ರ ಕೆಲಸ ಈಗಷ್ಟೇ ಶುರು.

ನಮ್ಮವರು ಹೆಚ್ಚಾಗಿ ಕೈಬಿಡುವುದು ಕೆ ಅಕ್ಷರವನ್ನು. ಆ ಪಟ್ಟಿಯಲ್ಲಿ ಕೆಯಿಂದ ಶುರುವಾಗುವುದು 20 ಪದ. ಅದರಲ್ಲಿ ಹತ್ತಕ್ಕೆ ಕೆ ಬೆನ್ನಿಗೇ ಎನ್ ಇದೆ: ನೈಫ್, ನಾಕ್, ನ್ಯಾಕ್, ನೀಲ್, ನೋನ್ ಹೀಗೆ. ಕಿವಿಯಿಂದ ಪದ ಹುಡುಕುವವರಿಗೆ ಇವು ‘ನ’ಕಾರದಲ್ಲಿ ಕೂತಿರುತ್ತವೆ, ಕೆ ಎಂದಾಗ ನೆನಪಿಗೇ ಬರುವುದಿಲ್ಲ. ಉಳಿದ ಹತ್ತರಲ್ಲಿ ಕರ್ಮ, ಖಾಕಿ, ಕಬಾಬ್ ಇವೆ. ಆ ಮಟ್ಟಿಗೆ ನಮಗೇ ಲಾಭ. ಡಬ್ಲ್ಯೂ-ಆರ್ ಜೋಡಿಯದ್ದೂ ಇದೇ ಕಥೆ: ರಾಂಗ್, ರೈಟ್, ರಿಸ್ಟ್.

ಇನ್ನು ಎಸ್ ತೋಡುವ ಗುಂಡಿ. ಎಸ್, ಎಚ್, ಎ ಹಸಿರು, ಕೊನೆಯ ಇ ಹಸಿರು, ನಾಲ್ಕನೇ ಮನೆ ಮಾತ್ರ ಖಾಲಿ ಎಂದಿಟ್ಟುಕೊಳ್ಳಿ. ಶೇಡ್, ಶೇಕ್, ಶೇಲ್, ಶೇಮ್, ಶೇಪ್, ಶೇರ್, ಶೇವ್ ಏಳೂ ಕೂರುತ್ತವೆ. ಒಂದೊಂದೇ ಹಾಕುತ್ತ ಹೋದರೆ ಅವಕಾಶ ಮುಗಿದರೂ ಉತ್ತರ ಸಿಗದಿರಬಹುದು. ಇಲ್ಲಿ ಗೆಲ್ಲುವ ಆಸೆಯನ್ನು ಒಂದೆರಡು ಸಾಲಿನ ಮಟ್ಟಿಗೆ ಬದಿಗಿಟ್ಟು ‘ಪ್ಲಂಬ್’ (plumb) ಹಾಕಿ: ಪಿ, ಎಲ್, ಎಂ ಮೂರನ್ನೂ ಒಂದೇ ಏಟಿಗೆ ಕೇಳಿದಂತಾಯಿತು. ಮೂರರಲ್ಲಿ ಯಾವುದಕ್ಕೆ ಬಣ್ಣ ಬಂತೋ ಅದೇ ಉತ್ತರ. ಯಾವುದಕ್ಕೂ ಬರದಿದ್ದರೆ ‘ಡ್ರಿಂಕ್’, ಅದರಲ್ಲಿ ಡಿ, ಆರ್, ಕೆ ಇವೆ. ಅದೂ ಬೂದಾದರೆ ಉಳಿದದ್ದು ಶೇವ್ ಒಂದೇ. ಹೆಚ್ಚೆಂದರೆ ಮೂರು ಸಾಲಿನಲ್ಲಿ ಮುಗಿಯಿತು. ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್ ಮೋಡ್ ಆನ್ ಮಾಡಿದ್ದರೆ ಈ ದಾರಿ ಬಂದ್, ಸಿಕ್ಕ ಸುಳಿವನ್ನೆಲ್ಲ ಮುಂದಿನ ಪ್ರತಿ ಸಾಲಿನಲ್ಲೂ ಬಳಸಲೇಬೇಕು. ಹಾರ್ಡ್ ಮೋಡ್ ಜಾಣರಿಗೆ ಎಂಬ ಮಾತಿದೆ; ಇಂಥ ಗುಂಪು ಸಿಕ್ಕಾಗ ಅಲ್ಲಿ ನಡೆಯುವುದು ಅದೃಷ್ಟ ಮಾತ್ರ.

ಜೋಡಿ ಅಕ್ಷರದ ಲೆಕ್ಕವನ್ನು ಆಟ ಎಲ್ಲೂ ಬಿಡಿಸಿ ಹೇಳುವುದಿಲ್ಲ, ಇದೊಂದು ಕೊರತೆಯೇ. ಉತ್ತರ ‘ಸಾಲ್ವ್’ ಇದ್ದಾಗ ‘ಸ್ಪೆಲ್’ ಹಾಕಿದರೆ ಮೊದಲ ಎಲ್ ಹಳದಿ, ಎರಡನೇ ಎಲ್ ಬೂದು. ಆ ಬೂದಿಗೆ ಎಲ್ ಇಲ್ಲವೆಂದು ಅರ್ಥವಲ್ಲ, ಒಂದೇ ಎಲ್ ಇದೆ ಎಂದರ್ಥ.

ಶುರುವಿಗೆ ಸ್ವರಗಳು ಕಿಕ್ಕಿರಿದ ‘ಅಡ್ಯೂ’ (adieu) ಬಹಳ ಜನಪ್ರಿಯ, ಆದರೆ ದಂಡ. ನಾಲ್ಕು ಸ್ವರ ಗೊತ್ತಾದರೂ ಪದಗಳನ್ನು ಬೇರೆ ಬೇರೆ ಮಾಡುವ ವ್ಯಂಜನಗಳ ಸುದ್ದಿಯೇ ಇರುವುದಿಲ್ಲ. ‘ಸ್ಲೇಟ್’ ವಾಸಿ: ಎಸ್ ಮೊದಲ ಮನೆಯಲ್ಲಿ, ಇ ಕೊನೆಯಲ್ಲಿ, ಎರಡೂ ಅವು ಅತಿ ಹೆಚ್ಚು ಬರುವ ಜಾಗ.

ಸ್ಪೆಲ್ಲಿಂಗ್ ಅಮೆರಿಕದ್ದು. ನಮ್ಮ ಶಾಲೆಗಳಲ್ಲಿ ಕಲಿಸುವ ‘ಹ್ಯೂಮರ್’, ‘ಫೇವರ್’ ಆರಕ್ಷರದವು. ಇಲ್ಲಿ ಅವು ಯು ಕಳೆದುಕೊಂಡು ಐದಕ್ಷರವಾಗುತ್ತವೆ, 2022ರಲ್ಲಿ ಎರಡೂ ಉತ್ತರವಾಗಿ ಬಂದಿವೆ.

‘ಎಸ್‌ನಿಂದ ಶುರುವಾಗುವ ಐದಕ್ಷರದ ಪದಗಳು’ ಎಂದು ಹುಡುಕಿದರೆ ಸಿಗುವ ಪಟ್ಟಿಗಳು ಹೆಚ್ಚಾಗಿ ಸ್ಕ್ರಾಬಲ್ ನಿಘಂಟಿನಿಂದ ಎತ್ತಿದವು. ಊಹೆಯಾಗಿ ಆಟ ಒಪ್ಪುವ ಎಸ್ ಪದಗಳೇ ಸಾವಿರದೈನೂರಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಯಾರೂ ಆಡದ ಪದಗಳು, ಬಹುವಚನಗಳು. ಕೊನೆಗೆ ಎಸ್ ಸೇರಿಸಿ ಮಾಡಿದ ಸಾದಾ ಬಹುವಚನವನ್ನು ಉತ್ತರವಾಗಿ ಇಡುವುದಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್‌ನವರು 2022ರ ನವೆಂಬರ್‌ನಲ್ಲೇ ಹೇಳಿದ್ದಾರೆ, ಹಾಗಾಗಿ ‘ಸೀಟ್ಸ್’, ‘ಸಾಂಗ್ಸ್’ ಥರದವನ್ನು ಮೊದಲೇ ಹೊಡೆದುಹಾಕಿ. ಹಳೆಯ 2,315ರ ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಆಮೇಲೆ ಸಂಪಾದಕರು ಪದಗಳನ್ನು ತೆಗೆದದ್ದೂ ಇದೆ, ಸೇರಿಸಿದ್ದೂ ಇದೆ.

ಹಳೆಯ ಆಟಗಳ ಆರ್ಕೈವ್ ಚಂದಾದಾರರಿಗೆ ಮಾತ್ರ. ದಿನಕ್ಕೊಂದೇ ಸಾಕು ಅನ್ನುವವರು ಅದಕ್ಕೆ ದುಡ್ಡು ಸುರಿಯಬೇಕಿಲ್ಲ. ಆದರೆ ಉಚಿತ ಖಾತೆ ತೆರೆದು ಲಾಗಿನ್ ಆಗಿಯೇ ಆಡಿ. ಇಲ್ಲದಿದ್ದರೆ ಬ್ರೌಸರ್ ಡೇಟಾ ಅಳಿಸಿದ ದಿನ, ಫೋನ್ ಬದಲಿಸಿದ ದಿನ ಗೆಲುವಿನ ಸರಣಿಯೂ ಸೊನ್ನೆ. ಹಸಿರು-ಹಳದಿ ಗೊಂದಲವಾಗುವವರು ಸೆಟ್ಟಿಂಗ್ಸ್‌ನಲ್ಲಿ ಹೈ ಕಾಂಟ್ರಾಸ್ಟ್ ಒತ್ತಿದರೆ ಬಣ್ಣ ಕಿತ್ತಳೆ-ನೀಲಿಗೆ ತಿರುಗುತ್ತದೆ.