ಹುಬ್ಬಳ್ಳಿ ವಿದ್ಯಾನಗರದ ಮಕ್ಕಳ ಥೆರಪಿ ಸೆಂಟರ್: ಲಿವರ್ ತ್ರಾಸ ಇದ್ದ ಕೂಸಿನ ತಾಯಿ ಅನುಭವ

ನನ್ನ ಮಗಳಿಗೆ ಬಿಲಿಯರಿ ಅಟ್ರೀಸಿಯಾ, ಅಂದ್ರ ಲಿವರಿನಿಂದ ಪಿತ್ತ ಹರಿಯೋ ನಳಿಗೋಳು ಮುಚ್ಚಿಹೋಗಿರ್ತಾವ. ಎರಡು ತಿಂಗಳೊಳಗ ಕಸಾಯ್ ಆಪರೇಷನ್ (ಪಿತ್ತ ಹರಿಲಿ ಅಂತ ಕರುಳನ್ನ ಸೀದಾ ಲಿವರಿಗೆ ಜೋಡ್ಸೋದು) ಆದ್ರ ಛಲೋ ಅಂತಾರ, ನಾವು ಬೆಂಗಳೂರಿಗೆ ಓಡಿ ಮಾಡ್ಸೋದ್ರಾಗ 80 ದಿನ ದಾಟಿತ್ತು. ಹೊಟ್ಟಿ ಉಬ್ಬಿ, ಕೈಕಾಲು ಕಡ್ಡಿ ಆಗಿ, 11 ತಿಂಗಳಾದ್ರೂ ಆಸರಿ ಇಲ್ಲದ ಕುಂದರ್ತಿರಲಿಲ್ಲ. ಮೊದಲ ಹೋದ ಒಂದು ಕಡೆ ಫೈಲ್ ಸುದ್ದಾ ತಗದು ನೋಡಲಿಲ್ರಿ, ನೇರ ಬೋರಲ ಹಾಕಿದ್ರು, ಅತ್ತು ಅತ್ತು ವಾಂತಿ ಮಾಡ್ಕೊಂತು.

ಇಲ್ಲಿ ಫಿಜಿಯೋ ಮೇಡಂ ಮೊದಲ ಅಲ್ಟ್ರಾಸೌಂಡ್ ರಿಪೋರ್ಟ್ ಓದಿದ್ರು. "ಯಕ್ಕಾ, ಲಿವರ್, ಗುಲ್ಮ ಎರಡೂ ದೊಡ್ಡವಾಗ್ಯಾವ, ಹೊಟ್ಟಿ ಮ್ಯಾಲೆ ಭಾರ ಬ್ಯಾಡ, ಮಗ್ಗಲಾಗಿ ಮಲಗ್ಸಿ ಆಡ್ಸೋಣು" ಅಂದ್ರು. ನನಗ ಅಲ್ಲೇ ಕಣ್ಣಾಗ ನೀರು ಬಂತು. ಮನ್ಯಾಗ ಎಲ್ಲಾರೂ ಕೂಸು ಮಂದ ಐತೇನು ಅಂತ ಕೇಳಿ ಕೇಳಿ ಸಾಕಾಗಿತ್ತು. ಕೂಸು ಯಾಕ ಹಿಂದ ಬಿದ್ದೈತಿ ಅಂದ್ರ, ಪಿತ್ತ ಕರುಳಿಗೆ ಬರದಿದ್ರ ಕೊಬ್ಬು ಮೈಗೆ ಹತ್ತಂಗಿಲ್ಲ, ಅದರ ಜೋಡಿ ವಿಟಮಿನ್ ಎ, ಡಿ, ಇ, ಕೆ ಸುದ್ದಾ ಹತ್ತಂಗಿಲ್ಲ, ಡಿ ಇಲ್ಲಂದ್ರ ಎಲುಬು ಮೆತ್ತಗ, ಇ ಭಾಳ ದಿನ ಕಡಿಮಿ ಆದ್ರ ನರಕ್ಕ ಪೆಟ್ಟು ಅಂತ ಇವರ ಬಿಡಿಸಿ ಹೇಳಿದ್ದು. ಹಿಂಗಾಗಿ ಪ್ರತಿ ಸಲ ಮೊದಲ ಕೇಳೋದ ತೂಕ, ಎಂಸಿಟಿ ಎಣ್ಣಿ (ಪಿತ್ತ ಕಡಿಮಿ ಇದ್ರೂ ಮೈಗೆ ಹತ್ತೋ ಎಣ್ಣಿ), ವಿಟಮಿನ್ ಡ್ರಾಪ್ಸ್. ಕೂಸು ಎಂದಿಗಿಂತ ಜಾಸ್ತಿ ತೂಕಡಿಸಿದ್ರ ಥೆರಪಿ ಮಾಡಂಗಿಲ್ಲ, ರಕ್ತದಾಗ ಅಮೋನಿಯಾ (ಲಿವರ್ ತಗದು ಹಾಕಬೇಕಾದ ವಿಷ) ಏರಿರಬಹುದು, ಡಾಕ್ಟರಿಗೆ ತೋರ್ಸ್ರಿ ಅಂತಾರ, ಆವತ್ತಿನ ರೊಕ್ಕಾನೂ ತಗೊಳ್ಳಂಗಿಲ್ಲ.

ಸುಳ್ಳು ಭರವಸೆ ಕೊಡಂಗಿಲ್ಲ, ಇದು ನನಗ ಭಾಳ ಸೇರ್ತು. ಲಿವರ್ ಟ್ರಾನ್ಸ್‌ಪ್ಲಾಂಟ್ (ಬ್ಯಾರೆಯವರ ಲಿವರ್ ಹಾಕೋ ಆಪರೇಷನ್) ಆದಮ್ಯಾಗ ಎಷ್ಟೋ ಮಕ್ಕಳು ನಡಿಗಿ ಆಟದಾಗ ಸರಿ ಆಗ್ತಾವ, ಆದ್ರ ಕೆಲವಕ್ಕ ಮಾತು, ಕಲಿಕೆ ಹಿಂದ ಉಳಿಬಹುದು, ಸಾಲಿಗೆ ಹೋದಮ್ಯಾಗೂ ತೋರ್ಸ್ತಾ ಇರ್ರಿ ಅಂತ ಸೀದಾ ಹೇಳಿದ್ರು. ತಿಂಗಳಗಟ್ಟಲೆ ದವಾಖಾನಿ ಮಂಚದ ಮ್ಯಾಲೆ ಕಳದ ಕೂಸು, ಆಡ್ಸೋರು ಮಾತಾಡ್ಸೋರು ಕಡಿಮಿ, ಅದಕ್ಕ ಮನ್ಯಾಗ ಸ್ನಾನ ಮಾಡ್ಸೋವಾಗ ಸುದ್ದಾ ಮಾತಾಡ್ರಿ ಅಂತಾರ.

ಐದು ತಿಂಗಳಾತು. ಈಗ ತಾನ ಕುಂದರ್ತಾಳ, ಕುಂತಲ್ಲೇ ಸರಕೋತ ಬರ್ತಾಳ, ಮೊನ್ನೆ ನನ್ನ ತಾಟಿನಾಗಿನ ಚುರಮುರಿ ಎರಡ ಬಳ್ಳಿನಾಗ ಹಿಡದು ಎತ್ತಿದ್ಲು.

ಕೊರತಿ ಅಂದ್ರ ಎರಡನೇ ಮಹಡಿ, ಲಿಫ್ಟ್ ಇಲ್ಲ, ಸೆಷನ್ನಿಗೆ 500 ರೂಪಾಯಿ ನಮಗ ಭಾರಾನ. ಕೆಮ್ಮೋ ಮಕ್ಕಳ ನಡುವ ಕೂಡ್ಸಬಾರದಂತ ಮುಂಜಾನಿ ಮೊದಲ್ನೇ ಟೈಮ್ ನಮಗ ಕೊಟ್ಟಾರ, ಕೇಳ್ರಿ, ಕೊಡ್ತಾರ. ಧಾರವಾಡದಿಂದ ಬರೋರು ಚಿಗರಿ ಬಸ್ ಇಳದು ನಡಕೊಂಡ ಹೋಗಬಹುದು. ರಿಪೋರ್ಟ್ ಎಲ್ಲಾ ಒಯ್ಯಿರಿ, ಹೊಟ್ಟಿ ತುಂಬ ಉಣ್ಸಿದ ಕೂಡ್ಲೇ ಕರಕೊಂಡ ಹೋಗಬ್ಯಾಡ್ರಿ.